ಪೋಸ್ಟ್‌ಗ್ರೆಸ್‌ನಲ್ಲಿ ಶೇರ್ಡ್ ಮೆಮೊರಿ ದೋಷ: ಮೂಲ ಹುಡುಕಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್ ಶುರುವಾಗದೆ ನಿಂತಿದೆ, ಅಥವಾ ನಿನ್ನೆಯವರೆಗೆ ಸರಿಯಾಗಿದ್ದ ರಿಪೋರ್ಟ್ ಇವತ್ತು ‘ಶೇರ್ಡ್ ಮೆಮೊರಿ’ ಎಂಬ ಮಾತಿರುವ ದೋಷ ಕೊಟ್ಟು ಬಿದ್ದಿದೆ. ಆಗ ಹೆಚ್ಚಿನವರ ಕೈ ಮೊದಲು ಹೋಗುವುದು ಶೇರ್ಡ್_ಬಫರ್ಸ್ (ಡೇಟಾ ಪುಟಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗದ ಗಾತ್ರ ಹೇಳುವ ಸೆಟ್ಟಿಂಗ್) ಕಡೆಗೆ. ಅದನ್ನು ಇಮ್ಮಡಿ ಮಾಡಿ ರೀಸ್ಟಾರ್ಟ್ ಕೊಡುತ್ತಾರೆ. ದೋಷ ಹೋಗುವುದಿಲ್ಲ, ಕೆಲವೊಮ್ಮೆ ಮೊದಲಿಗಿಂತ ಕೆಟ್ಟು ಸರ್ವರ್ ಏಳುವುದೇ ಇಲ್ಲ. ಪೋಸ್ಟ್‌ಗ್ರೆಸ್ಸಿನ ಶೇರ್ಡ್ ಮೆಮೊರಿ, ಅಂದರೆ ಅದರ ಪ್ರೊಸೆಸ್‌ಗಳು ಹಂಚಿಕೊಳ್ಳುವ ಮೆಮೊರಿ, ಒಂದೇ ಕಡೆ ಇಲ್ಲದಿರುವುದೇ ಇದಕ್ಕೆ ಕಾರಣ. ಯಾವುದು ತುಂಬಿದೆ ಎಂದು ಗೊತ್ತಾಗುವ ತನಕ ಯಾವ ಸಂಖ್ಯೆಯನ್ನೂ ಬದಲಿಸಬೇಡಿ.

ಇಲ್ಲಿ ಹೇಳುವುದೆಲ್ಲ ಲಿನಕ್ಸ್ ಮೇಲಿನ ಪೋಸ್ಟ್‌ಗ್ರೆಸ್‌ಗೆ ಸಂಬಂಧಿಸಿದ್ದು. ಕಮಾಂಡ್, ಸೆಟ್ಟಿಂಗ್, ದೋಷಸಂದೇಶಗಳನ್ನು ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು.

ಮೆಮೊರಿ ಎಲ್ಲೆಲ್ಲಿದೆ

ಮುಖ್ಯ ಭಾಗವನ್ನು ಸರ್ವರ್ ಶುರುವಾಗುವಾಗಲೇ ಒಂದೇ ಸಲ ಕೇಳಿ ಪಡೆಯಲಾಗುತ್ತದೆ. ಬಫರ್‌ಗಳು, ವಾಲ್ (ಬದಲಾವಣೆಗಳ ದಾಖಲೆ) ಬಫರ್‌ಗಳು, ಲಾಕ್ ಟೇಬಲ್ (ಯಾರು ಯಾವುದರ ಮೇಲೆ ಲಾಕ್ ಹಿಡಿದಿದ್ದಾರೆಂಬ ಪಟ್ಟಿ), ಪ್ರತಿ ಕನೆಕ್ಷನ್‌ನ ಲೆಕ್ಕ ಎಲ್ಲ ಇದರಲ್ಲಿ. ಗಾತ್ರ ಶುರುವಿನಲ್ಲೇ ನಿಗದಿಯಾಗುತ್ತದೆ. ಬದಲಿಸಲು ರೀಸ್ಟಾರ್ಟ್ ಬೇಕೇ ಬೇಕು. 9.3ನೇ ಆವೃತ್ತಿಯಿಂದ, ಅಂದರೆ 2013ರಿಂದ, ಇದು ಎಂಮ್ಯಾಪ್ ಎಂಬ ಕರ್ನಲ್ ಕರೆಯ ಮೂಲಕ ಬರುತ್ತದೆ. ಅದಕ್ಕೂ ಹಿಂದೆ ಇಡೀ ಭಾಗ ಸಿಸ್ಟಮ್ ವಿ ಎಂಬ ಹಳೆಯ ಬಗೆಯ ಶೇರ್ಡ್ ಮೆಮೊರಿಯಲ್ಲಿರುತ್ತಿತ್ತು. ‘ಎಸ್‌ಎಚ್‌ಎಂಮ್ಯಾಕ್ಸ್ (ಒಂದು ಸೆಗ್ಮೆಂಟ್‌ನ ಗರಿಷ್ಠ ಗಾತ್ರ) ಹೆಚ್ಚಿಸಿ’ ಎಂಬ ಸಲಹೆ ಇಂದಿಗೂ ಎಲ್ಲೆಡೆ ಸಿಗುವುದು ಆ ಕಾಲದಿಂದ ಉಳಿದು ಬಂದದ್ದು.

ಎರಡನೆಯದು ಸಿಸ್ಟಮ್ ವಿ ತುಣುಕು, ಕೆಲವೇ ಹತ್ತು ಬೈಟ್‌ಗಳಷ್ಟು. ಒಂದೇ ಡೇಟಾ ಡೈರೆಕ್ಟರಿಯ ಮೇಲೆ ಎರಡು ಸರ್ವರ್ ಏಳದಂತೆ ಕಾಯುವುದು ಇದರ ಕೆಲಸ.

ಮೂರನೆಯದು ಡೈನಮಿಕ್ ಶೇರ್ಡ್ ಮೆಮೊರಿ. ಪ್ಯಾರಲಲ್ ಕ್ವೆರಿ (ಹಲವು ಪ್ರೊಸೆಸ್‌ಗಳು ಪಾಲು ಮಾಡಿಕೊಂಡು ಮಾಡುವ ಕ್ವೆರಿ) ಓಡುವಾಗ ವರ್ಕರ್‌ಗಳು ಡೇಟಾ ಹಂಚಿಕೊಳ್ಳಲು ಆ ಕ್ಷಣಕ್ಕೆ ಸೃಷ್ಟಿಯಾಗಿ ಕ್ವೆರಿ ಮುಗಿದೊಡನೆ ಮಾಯವಾಗುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇದು /ಡೆವ್/ಎಸ್‌ಎಚ್‌ಎಂ (ಮೆಮೊರಿಯಲ್ಲೇ ಇರುವ ಡೈರೆಕ್ಟರಿ) ಒಳಗೆ ‘ಪೋಸ್ಟ್‌ಗ್ರೆಎಸ್‌ಕ್ಯುಎಲ್’ ಎಂಬ ಹೆಸರು, ಚುಕ್ಕಿ, ಒಂದು ಸಂಖ್ಯೆ ಇರುವ ಫೈಲ್ ಆಗಿ ಕಾಣುತ್ತದೆ.

ಹಂತ 1: ಸಂದೇಶವನ್ನು ಪೂರ್ತಿ ಓದಿ

ಅಪ್ಲಿಕೇಷನ್ ತೋರಿಸುವ ಒಂದು ಸಾಲು ಸಾಲದು. ಸರ್ವರ್ ಲಾಗ್‌ಗೆ ಹೋಗಿ, ದೋಷದ ಸಾಲಿನ ಕೆಳಗಿರುವ ‘ಡೀಟೇಲ್’ ಮತ್ತು ‘ಹಿಂಟ್’ ಸಾಲುಗಳನ್ನೂ ತೆಗೆದುಕೊಳ್ಳಿ. ಅದರಲ್ಲಿ ಮೂರು ಸಂಗತಿ ಹುಡುಕಿ: ಯಾವ ಕೆಲಸ ಸೋತಿತು, ಎಷ್ಟು ಬೈಟ್ ಕೇಳಿತ್ತು, ಕೊನೆಯಲ್ಲಿ ಕರ್ನಲ್ ಕೊಟ್ಟ ಕಾರಣ ಏನು.

‘ಕುಡ್ ನಾಟ್ ಮ್ಯಾಪ್ ಅನಾನಿಮಸ್ ಶೇರ್ಡ್ ಮೆಮೊರಿ’ ಎಂದಿದ್ದರೆ ಸೋತದ್ದು ಮುಖ್ಯ ಭಾಗ. ‘ಕುಡ್ ನಾಟ್ ಕ್ರಿಯೇಟ್ ಶೇರ್ಡ್ ಮೆಮೊರಿ ಸೆಗ್ಮೆಂಟ್’ ಎಂದಿದ್ದು ಡೀಟೇಲ್‌ನಲ್ಲಿ ‘ಎಸ್‌ಎಚ್‌ಎಂಗೆಟ್’ ಕಂಡರೆ ಸಿಸ್ಟಮ್ ವಿ. ‘ಕುಡ್ ನಾಟ್ ರೀಸೈಜ್ ಶೇರ್ಡ್ ಮೆಮೊರಿ ಸೆಗ್ಮೆಂಟ್’ ಆದರೆ ಡೈನಮಿಕ್ ಭಾಗ. ಬರಿಯ ‘ಔಟ್ ಆಫ್ ಶೇರ್ಡ್ ಮೆಮೊರಿ’ ಆದರೆ ಬಹುತೇಕ ಲಾಕ್ ಟೇಬಲ್.

ಕೊನೆಯ ಕಾರಣ ಜನರನ್ನು ಹೆಚ್ಚು ದಾರಿ ತಪ್ಪಿಸುತ್ತದೆ. ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂದು ಕಂಡೊಡನೆ ಡಿಸ್ಕ್ ತುಂಬಿತೆಂದು ಫೈಲ್ ಅಳಿಸಲು ಹೊರಡಬೇಡಿ. ಶೇರ್ಡ್ ಮೆಮೊರಿಯ ಸಂದರ್ಭದಲ್ಲಿ ಡಿಸ್ಕ್‌ಗೂ ಆ ಮಾತಿಗೂ ಸಂಬಂಧವಿಲ್ಲ: ಎಸ್‌ಎಚ್‌ಎಂಗೆಟ್ ಜೊತೆ ಬಂದರೆ ಕರ್ನಲ್‌ನ ಮಿತಿ ಮುಗಿದಿದೆ, ರೀಸೈಜ್ ಜೊತೆ ಬಂದರೆ /ಡೆವ್/ಎಸ್‌ಎಚ್‌ಎಂ ತುಂಬಿದೆ. ಈ ಗಡಿಬಿಡಿಯಲ್ಲಿ ಪಿಜಿ_ವಾಲ್ ಡೈರೆಕ್ಟರಿಯಿಂದ ಏನನ್ನಾದರೂ ಅಳಿಸಿದರೆ ಡೇಟಾಬೇಸನ್ನೇ ಕಳೆದುಕೊಳ್ಳಬೇಕಾಗಬಹುದು.

ಇನ್ನೆರಡು ಸಂದೇಶಗಳು ಇದೇ ಜಾತಿಯವೆಂಬಂತೆ ಕಂಡರೂ ಅಲ್ಲ. ಬರಿಯ ‘ಔಟ್ ಆಫ್ ಮೆಮೊರಿ’, ಅದರ ಜೊತೆ ‘ಫೇಲ್ಡ್ ಆನ್ ರಿಕ್ವೆಸ್ಟ್ ಆಫ್ ಸೈಜ್’ ಎಂದಿದ್ದರೆ ಅದು ಒಂದು ಪ್ರೊಸೆಸ್‌ನ ಖಾಸಗಿ ಮೆಮೊರಿ. ‘ಟರ್ಮಿನೇಟೆಡ್ ಬೈ ಸಿಗ್ನಲ್ 9’ ಎಂದಿದ್ದರೆ ಹೆಚ್ಚಾಗಿ ಕರ್ನಲ್‌ನ ಊಮ್ ಕಿಲ್ಲರ್ (ಮೆಮೊರಿ ಮುಗಿದಾಗ ಪ್ರೊಸೆಸ್ ಕೊಲ್ಲುವ ವ್ಯವಸ್ಥೆ) ಕೊಂದಿದೆ, ಕರ್ನಲ್ ಲಾಗ್ ತೋರಿಸುವ ಡಿಮೆಸ್ಜಿಯಲ್ಲಿ ಖಚಿತಪಡಿಸಿಕೊಳ್ಳಿ. ಎರಡಕ್ಕೂ ಮದ್ದು ವರ್ಕ್_ಮೆಮ್ (ಸಾರ್ಟ್, ಹ್ಯಾಶ್‌ನಂಥ ಪ್ರತಿ ಕೆಲಸಕ್ಕೆ ಸಿಗುವ ಮೆಮೊರಿಯ ಮಿತಿ) ಮತ್ತು ಕನೆಕ್ಷನ್‌ಗಳ ಸಂಖ್ಯೆಯನ್ನು ಹಿಡಿತಕ್ಕೆ ತರುವುದು.

ಹಂತ 2: ಬದಲಿಸುವ ಮುಂಚೆ ಈಗಿನ ಸ್ಥಿತಿ ಬರೆದಿಡಿ

ಇಷ್ಟನ್ನು ಓಡಿಸಿ ಔಟ್‌ಪುಟ್ ಉಳಿಸಿಕೊಳ್ಳಿ:

ಫ್ರೀ -ಎಂ
ಡಿಎಫ್ -ಎಚ್ /ಡೆವ್/ಎಸ್‌ಎಚ್‌ಎಂ
ಐಪಿಸಿಎಸ್ -ಎಂ, ಮತ್ತು ಮಿತಿಗಳಿಗಾಗಿ ಐಪಿಸಿಎಸ್ -ಎಲ್
/ಪ್ರೊಕ್/ಮೆಮ್‌ಇನ್ಫೋ ಫೈಲ್‌ನಲ್ಲಿ ‘ಹ್ಯೂಜ್’ ಮತ್ತು ‘ಕಮಿಟ್’ ಇರುವ ಸಾಲುಗಳು

ಸರ್ವರ್ ಓಡುತ್ತಿದ್ದರೆ ಸೆಲೆಕ್ಟ್ ವರ್ಷನ್(), ಶೋ ಶೇರ್ಡ್_ಬಫರ್ಸ್, ಶೋ ಡೈನಮಿಕ್_ಶೇರ್ಡ್_ಮೆಮೊರಿ_ಟೈಪ್ ಕೂಡ. 13ರಿಂದ ಪಿಜಿ_ಎಸ್‌ಎಚ್‌ಮೆಮ್_ಅಲೊಕೇಷನ್ಸ್ ಎಂಬ ವ್ಯೂ ಇದೆ. ಮುಖ್ಯ ಭಾಗದಲ್ಲಿ ಯಾವ ರಚನೆ ಎಷ್ಟು ತಿಂದಿದೆ ಎಂದು ಅದು ಸಾಲುಸಾಲಾಗಿ ತೋರಿಸುತ್ತದೆ. ಎಕ್ಸ್‌ಟೆನ್ಷನ್‌ಗಳು ಸದ್ದಿಲ್ಲದೆ ಎಷ್ಟು ಹಿಡಿದಿವೆ ಎಂಬುದೂ ಅಲ್ಲೇ ಬಯಲಾಗುತ್ತದೆ.

ಸರ್ವರ್ ಶುರುವಾಗದಿದ್ದರೆ

‘ಕುಡ್ ನಾಟ್ ಮ್ಯಾಪ್… ಕ್ಯಾನಾಟ್ ಅಲೊಕೇಟ್ ಮೆಮೊರಿ’ ಎಂದರೆ ಕೇಳಿದಷ್ಟು ಸಿಗಲಿಲ್ಲ ಎಂದರ್ಥ. ಹಿಂಟ್ ಸಾಲಿನಲ್ಲಿ ಕೇಳಿದ ಬೈಟ್‌ಗಳ ಸಂಖ್ಯೆ ಇರುತ್ತದೆ. ಅದನ್ನು 1024ರಿಂದ ಮೂರು ಸಲ ಭಾಗಿಸಿ ಜಿಬಿಗೆ ತಂದು ನೋಡಿ. ನೀವು ಅಂದುಕೊಂಡ ಸಂಖ್ಯೆಯೇ ಇದೆಯೇ?

ಬಹಳ ಸಲ ಇರುವುದಿಲ್ಲ. ಶೇರ್ಡ್_ಬಫರ್ಸ್‌ಗೆ ಎಂಬಿ, ಜಿಬಿ ಎಂಬ ಘಟಕ ಬರೆಯದಿದ್ದರೆ ಪೋಸ್ಟ್‌ಗ್ರೆಸ್ ಅದನ್ನು 8 ಕೆಬಿ ಪುಟಗಳ ಲೆಕ್ಕ ಎಂದು ತಿಳಿಯುತ್ತದೆ. 4 ಜಿಬಿ ಎಂದುಕೊಂಡು ಕೆಬಿಯಲ್ಲಿ 4194304 ಎಂದು ಬರೆದವರು ನಿಜವಾಗಿ ಕೇಳುತ್ತಿರುವುದು 32 ಜಿಬಿ. 4096 ಎಂದು ಬರೆದವರಿಗೆ ಸಿಗುವುದು 32 ಎಂಬಿ. ಅದು ದೋಷ ಕೊಡುವುದಿಲ್ಲ, ನಿಧಾನವಾಗಿ ಓಡುತ್ತ ಇರುತ್ತದೆ ಅಷ್ಟೆ. ಉದ್ಧರಣ ಚಿಹ್ನೆಯೊಳಗೆ ‘4ಜಿಬಿ’ ಎಂದೇ ಬರೆಯುವ ರೂಢಿ ಮಾಡಿಕೊಳ್ಳಿ. ಡೇಟಾಬೇಸ್‌ಗೆಂದೇ ಮೀಸಲಾದ ಯಂತ್ರದಲ್ಲಿ ರ‍್ಯಾಮ್‌ನ 25 ಶೇಕಡಾ ಒಳ್ಳೆಯ ಆರಂಭ. ತಪ್ಪು ಮೌಲ್ಯವನ್ನು ಆಲ್ಟರ್ ಸಿಸ್ಟಮ್ ಮೂಲಕ ಕೊಟ್ಟಿದ್ದರೆ ಅದು ಪೋಸ್ಟ್‌ಗ್ರೆಎಸ್‌ಕ್ಯುಎಲ್.ಆಟೋ.ಕಾನ್ಫ್ ಫೈಲ್‌ನಲ್ಲಿದೆ, ಮುಖ್ಯ ಕಾನ್ಫ್ ಫೈಲ್‌ಗಿಂತ ಅದರ ಮಾತೇ ಮೇಲು. ಸರ್ವರ್ ನಿಂತಿರುವಾಗ ಅಲ್ಲಿಂದ ಆ ಸಾಲನ್ನು ತೆಗೆಯಿರಿ.

ಗಾತ್ರ ಸರಿಯಿದ್ದು, ಫ್ರೀ ಕಮಾಂಡ್‌ನಲ್ಲಿ ಜಾಗವಿದ್ದೂ ಸಿಗುತ್ತಿಲ್ಲವಾದರೆ ಸಂಶಯಪಡಬೇಕಾದವು ಎರಡು.

ಒಂದು, ಓವರ್‌ಕಮಿಟ್, ಅಂದರೆ ಇರುವುದಕ್ಕಿಂತ ಹೆಚ್ಚು ಮೆಮೊರಿ ಕೊಡಲು ಕರ್ನಲ್ ಒಪ್ಪುವುದು. ವಿಎಂ.ಓವರ್‌ಕಮಿಟ್_ಮೆಮೊರಿ 2 ಆಗಿದ್ದರೆ ಕರ್ನಲ್ ಒಂದು ಕಟ್ಟುನಿಟ್ಟಾದ ಮಿತಿ ಹಾಕುತ್ತದೆ. ಸ್ವಾಪ್‌ನ ಪೂರ್ತಿ ಗಾತ್ರಕ್ಕೆ ರ‍್ಯಾಮ್‌ನ ಒಂದು ಭಾಗವನ್ನು ಕೂಡಿಸಿದರೆ ಆ ಮಿತಿ; ಭಾಗವೆಷ್ಟೆಂದು ಹೇಳುವುದು ಓವರ್‌ಕಮಿಟ್_ರೇಶಿಯೋ, ಅದರ ಮೂಲ ಮೌಲ್ಯ 50. 32 ಜಿಬಿ ರ‍್ಯಾಮ್, 2 ಜಿಬಿ ಸ್ವಾಪ್ ಇರುವ ಯಂತ್ರಕ್ಕೆ ಸುಮಾರು 18 ಜಿಬಿ. ಹ್ಯೂಜ್ ಪೇಜ್‌ಗಳಿಗೆ ಕಾದಿರಿಸಿದ್ದನ್ನು ರ‍್ಯಾಮ್‌ನಿಂದ ಕಳೆದೇ ಈ ಲೆಕ್ಕ ಹಾಕುತ್ತಾರೆ. ಮೆಮ್‌ಇನ್ಫೋದಲ್ಲಿ ‘ಕಮಿಟ್‌ಲಿಮಿಟ್’ ಮತ್ತು ‘ಕಮಿಟೆಡ್_ಎಎಸ್’ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಊಮ್ ಕಿಲ್ಲರ್‌ನಿಂದ ಪಾರಾಗಲು 2 ಇಡುವುದು ಒಳ್ಳೆಯದೇ. ಆದರೆ ಇಟ್ಟಮೇಲೆ ರೇಶಿಯೋವನ್ನೂ 80ರ ಆಸುಪಾಸಿಗೆ ಏರಿಸಬೇಕಾಗುತ್ತದೆ.

ಎರಡು, ಹ್ಯೂಜ್ ಪೇಜ್, ಅಂದರೆ ಮೆಮೊರಿಯನ್ನು ಸಾಮಾನ್ಯಕ್ಕಿಂತ ದೊಡ್ಡ ಪುಟಗಳಲ್ಲಿ ಹಂಚುವುದು. ಇದು ಸ್ವಲ್ಪ ಮೋಸದ್ದು. ಶೇರ್ಡ್_ಬಫರ್ಸ್ 8 ಜಿಬಿ, ಪೇಜ್ 2 ಎಂಬಿ, ಆದ್ದರಿಂದ 4096 ಪೇಜ್ ಸಾಕೆಂದು ವಿಎಂ.ಎನ್‌ಆರ್_ಹ್ಯೂಜ್‌ಪೇಜಸ್‌ಗೆ ಅಷ್ಟನ್ನೇ ಕೊಡುತ್ತಾರೆ. ಆದರೆ 4096 ಬರೀ ಬಫರ್‌ಗಳಿಗೇ ಮುಗಿಯಿತು. ಲಾಕ್ ಟೇಬಲ್, ವಾಲ್ ಬಫರ್ ಮುಂತಾದವಕ್ಕೆ ಇನ್ನೂ ಬೇಕು. ಮುಖ್ಯ ಭಾಗ ಅಖಂಡವಾಗಿ ಹ್ಯೂಜ್ ಪೇಜ್‌ನಲ್ಲಿ ಕೂರಬೇಕು, ಅರ್ಧಂಬರ್ಧ ಆಗುವುದಿಲ್ಲ. ಹ್ಯೂಜ್_ಪೇಜಸ್ ಆನ್ ಆಗಿದ್ದರೆ ಸರ್ವರ್ ಅಲ್ಲೇ ನಿಲ್ಲುತ್ತದೆ. ಮೂಲ ಮೌಲ್ಯವಾದ ಟ್ರೈ ಆಗಿದ್ದರೆ ಸದ್ದಿಲ್ಲದೆ ಸಾಮಾನ್ಯ ಪೇಜ್‌ಗೆ ಇಳಿಯುತ್ತದೆ. ಕಾದಿರಿಸಿದ 8 ಜಿಬಿ ಯಾರಿಗೂ ಸಿಗದೆ ಬೀಗ ಬಿದ್ದಿರುತ್ತದೆ, ಪೋಸ್ಟ್‌ಗ್ರೆಸ್ ಬೇರೆ 8 ಜಿಬಿ ಹುಡುಕುತ್ತದೆ. 16 ಜಿಬಿ ಯಂತ್ರ ಅಲ್ಲಿಗೆ ಮುಗಿಯಿತು.

ಸರಿಯಾದ ಸಂಖ್ಯೆ ಬೇಕಿದ್ದರೆ, 15 ಮತ್ತು ನಂತರದ ಆವೃತ್ತಿಗಳಲ್ಲಿ, ಸರ್ವರ್ ನಿಲ್ಲಿಸಿ ಹೀಗೆ ಕೇಳಿ:

ಪೋಸ್ಟ್‌ಗ್ರೆಸ್ -ಡಿ ಡೇಟಾಡೈರೆಕ್ಟರಿ -ಸಿ ಶೇರ್ಡ್_ಮೆಮೊರಿ_ಸೈಜ್_ಇನ್_ಹ್ಯೂಜ್_ಪೇಜಸ್

ಇಲ್ಲಿ ಡಿ, ಸಿ ಎರಡೂ ದೊಡ್ಡಕ್ಷರ. ಬಂದ ಸಂಖ್ಯೆಗೆ ಸ್ವಲ್ಪ ಸೇರಿಸಿ /ಇಟಿಸಿ/ಸಿಸ್‌ಸಿಟಿಎಲ್.ಡಿ ಒಳಗಿನ ಫೈಲ್‌ಗೆ ಬರೆಯಿರಿ. ಬಹಳ ದಿನದಿಂದ ಓಡುತ್ತಿರುವ ಯಂತ್ರದಲ್ಲಿ ಮೆಮೊರಿ ಚೂರುಚೂರಾಗಿ ಕೇಳಿದಷ್ಟು ಪೇಜ್ ಸಿಗದಿರಬಹುದು. ಮೆಮ್‌ಇನ್ಫೋದ ‘ಹ್ಯೂಜ್‌ಪೇಜಸ್_ಟೋಟಲ್’ ನೋಡಿ, ಕಡಿಮೆಯಿದ್ದರೆ ಯಂತ್ರವನ್ನೇ ರೀಬೂಟ್ ಮಾಡಿ. 17ರಿಂದ ಹ್ಯೂಜ್_ಪೇಜಸ್_ಸ್ಟೇಟಸ್ ಶೋ ಮಾಡಿದರೆ ನಿಜಕ್ಕೂ ಬಳಕೆಯಾಗುತ್ತಿದೆಯೇ ಎಂದು ತಿಳಿಯುತ್ತದೆ. ಕುಬರ್ನೆಟಿಸ್‌ನಲ್ಲಿ ಇನ್ನೊಂದು ಬಗೆಯ ಪೆಟ್ಟು: ನೋಡ್‌ನಲ್ಲಿ ಹ್ಯೂಜ್ ಪೇಜ್ ಇದ್ದು ಪಾಡ್‌ಗೆ ಅದರ ಪಾಲು ಕೊಟ್ಟಿಲ್ಲದಿದ್ದರೆ ಹೊಸ ಡೇಟಾ ಡೈರೆಕ್ಟರಿ ಸಿದ್ಧಪಡಿಸುವ ಇನಿಟ್‌ಡಿಬಿಯೇ ‘ಬಸ್ ಎರರ್’ ಎಂದು ಸಾಯುತ್ತದೆ. ಪಾಡ್‌ನ ರಿಸೋರ್ಸ್‌ನಲ್ಲಿ ಹ್ಯೂಜ್ ಪೇಜ್ ಕೇಳಿ, ಇಲ್ಲವೇ ಹ್ಯೂಜ್_ಪೇಜಸ್ ಆಫ್ ಮಾಡಿ. 16ರಿಂದ ಇನಿಟ್‌ಡಿಬಿಗೇ -ಸಿ ಆಯ್ಕೆಯಲ್ಲಿ ಇದನ್ನು ಕೊಡಬಹುದು.

ಎಸ್‌ಎಚ್‌ಎಂಗೆಟ್ ದೋಷ ಈಗ ಅಪರೂಪ. 9.2 ಅಥವಾ ಅದಕ್ಕೂ ಹಳೆಯದನ್ನು ಓಡಿಸುತ್ತಿದ್ದರೆ, ಇಲ್ಲವೇ ಯಾರೋ ಶೇರ್ಡ್_ಮೆಮೊರಿ_ಟೈಪ್ ಅನ್ನು ಸಿಸ್‌ವಿ ಮಾಡಿದ್ದರೆ ಮಾತ್ರ ಮಿತಿಗಳ ಗೊಡವೆ. ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಎಂದರೆ ಎಸ್‌ಎಚ್‌ಎಂಮ್ಯಾಕ್ಸ್ ಸಾಲದು. ‘ನೋ ಸ್ಪೇಸ್ ಲೆಫ್ಟ್’ ಎಂದರೆ ಎಸ್‌ಎಚ್‌ಎಂಆಲ್ (ಒಟ್ಟು ಗಾತ್ರದ ಮಿತಿ) ಅಥವಾ ಎಸ್‌ಎಚ್‌ಎಂಎಂಎನ್‌ಐ (ಸೆಗ್ಮೆಂಟ್‌ಗಳ ಸಂಖ್ಯೆಯ ಮಿತಿ). ಎಸ್‌ಎಚ್‌ಎಂಮ್ಯಾಕ್ಸ್‌ನ ಲೆಕ್ಕ ಬೈಟ್‌ಗಳಲ್ಲಿ, ಎಸ್‌ಎಚ್‌ಎಂಆಲ್‌ನದ್ದು ಪುಟಗಳಲ್ಲಿ. 16 ಜಿಬಿಗೆ ಕ್ರಮವಾಗಿ 17179869184 ಮತ್ತು, 4096 ಬೈಟ್ ಪುಟವಾದರೆ, 4194304. ಕರ್ನಲ್ 3.16ರಿಂದ ಈ ಎರಡೂ ಮೂಲ ಮಿತಿಗಳು ತುಂಬ ದೊಡ್ಡವು. ಹಾಗಾಗಿ ಹೊಸ ಯಂತ್ರದಲ್ಲೂ ದೋಷ ಬಂದರೆ ಹಳೆಯ ಯಂತ್ರದಿಂದ ನಕಲಾದ ಸಿಸ್‌ಸಿಟಿಎಲ್ ಫೈಲ್ ಹುಡುಕಿ ಆ ಸಾಲುಗಳನ್ನು ತೆಗೆದುಹಾಕಿ. ಹೊಸ ಪೋಸ್ಟ್‌ಗ್ರೆಸ್ ಕೇಳುವ ಪುಟ್ಟ ತುಣುಕೂ ಸಿಗದಿದ್ದರೆ, ಬೇರೆ ಯಾವುದೋ ಪ್ರೋಗ್ರಾಂ ಸೆಗ್ಮೆಂಟ್‌ಗಳನ್ನು ಬಿಟ್ಟುಹೋಗಿ ಎಸ್‌ಎಚ್‌ಎಂಎಂಎನ್‌ಐನ 4096 ಮುಗಿದಿರಬಹುದು.

‘ಪ್ರೀ-ಎಕ್ಸಿಸ್ಟಿಂಗ್ ಶೇರ್ಡ್ ಮೆಮೊರಿ ಬ್ಲಾಕ್ ಈಸ್ ಸ್ಟಿಲ್ ಇನ್ ಯೂಸ್’

ಯಾರೋ ಪೋಸ್ಟ್‌ಮಾಸ್ಟರ್ ಎಂಬ ಸರ್ವರ್‌ನ ಮುಖ್ಯ ಪ್ರೊಸೆಸ್ಸಿಗೆ ಕಿಲ್ -9 ಕೊಟ್ಟಿದ್ದಾರೆ. ಅದರ ಮಕ್ಕಳು, ಅಂದರೆ ಅದು ಹುಟ್ಟಿಸಿದ ಪ್ರೊಸೆಸ್‌ಗಳು, ಇನ್ನೂ ಬದುಕಿವೆ. ಈ ದೋಷ ನಿಮ್ಮ ಡೇಟಾವನ್ನು ಕಾಪಾಡುತ್ತಿದೆ, ಆದ್ದರಿಂದ ಇದನ್ನು ಬಳಸುದಾರಿಯಿಂದ ದಾಟಬೇಡಿ. ಪಿಎಸ್ ಕಮಾಂಡ್‌ನಲ್ಲಿ ಪೋಸ್ಟ್‌ಗ್ರೆಸ್ ಬಳಕೆದಾರರ ಪ್ರೊಸೆಸ್‌ಗಳನ್ನು ಪಟ್ಟಿ ಮಾಡಿ, ಆ ಡೇಟಾ ಡೈರೆಕ್ಟರಿಗೆ ಸೇರಿದವನ್ನು ಸಾಮಾನ್ಯ ಕಿಲ್‌ನಿಂದ ಮುಗಿಸಿ. ಆಮೇಲೆ ಐಪಿಸಿಎಸ್ -ಎಂ ಓಡಿಸಿ ‘ಎನ್‌ಅಟ್ಯಾಚ್’ ಕಾಲಂ ನೋಡಿ. ಸೊನ್ನೆಯಾಗಿದ್ದರೆ ಸರ್ವರ್ ತಾನಾಗಿ ಏಳುತ್ತದೆ. ಸೊನ್ನೆಯಲ್ಲದ ಸೆಗ್ಮೆಂಟನ್ನು ಐಪಿಸಿಆರ್‌ಎಂನಿಂದ ತೆಗೆಯಬೇಡಿ, ಪೋಸ್ಟ್‌ಮಾಸ್ಟರ್.ಪಿಐಡಿ ಫೈಲ್ ಅಳಿಸಬೇಡಿ. ಅಳಿಸಿದರೆ ಹಳೆಯ ಮಕ್ಕಳೂ ಹೊಸ ಸರ್ವರೂ ಒಂದೇ ಫೈಲ್‌ಗಳಿಗೆ ಬರೆಯತೊಡಗುತ್ತವೆ, ಆ ಹಾನಿ ರೀಸ್ಟಾರ್ಟ್‌ನಿಂದ ಸರಿಹೋಗುವಂಥದ್ದಲ್ಲ.

ಸೆಗ್ಮೆಂಟ್ ಇದ್ದಕ್ಕಿದ್ದಂತೆ ಮಾಯ

‘ಕುಡ್ ನಾಟ್ ಓಪನ್ ಶೇರ್ಡ್ ಮೆಮೊರಿ ಸೆಗ್ಮೆಂಟ್… ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂದು ಆಗೊಮ್ಮೆ ಈಗೊಮ್ಮೆ ಬಂದರೆ, ಯಾರಾದರೂ ಪೋಸ್ಟ್‌ಗ್ರೆಸ್ ಬಳಕೆದಾರರಾಗಿ ಲಾಗಿನ್ ಆಗಿ ಹೊರಬಿದ್ದ ಹೊತ್ತಿಗೂ ಇದಕ್ಕೂ ತಾಳೆ ಹಾಕಿ. ಸಿಸ್ಟಮ್‌ಡಿಯ ಲಾಗಿನ್‌ಡಿ, ರಿಮೂವ್‌ಐಪಿಸಿ ಯೆಸ್ ಆಗಿದ್ದರೆ, ಬಳಕೆದಾರ ಹೊರಹೋದೊಡನೆ ಅವರ ಹೆಸರಿನ ಶೇರ್ಡ್ ಮೆಮೊರಿಯನ್ನೆಲ್ಲ ಗುಡಿಸುತ್ತದೆ. ಸಿಸ್ಟಮ್ ಬಳಕೆದಾರರಿಗೆ ಇದರಿಂದ ವಿನಾಯಿತಿ ಇದೆ. ಪ್ಯಾಕೇಜ್‌ನಿಂದ ಇನ್‌ಸ್ಟಾಲ್ ಮಾಡಿದವರು ಪಾರಾಗುವುದು ಅದರಿಂದ, ಕೈಯಾರೆ ಯೂಸರ್ ಸೃಷ್ಟಿಸಿದವರು ಸಿಕ್ಕಿಬೀಳುವುದೂ ಅದರಿಂದ. /ಇಟಿಸಿ/ಸಿಸ್ಟಮ್‌ಡಿ/ಲಾಗಿನ್‌ಡಿ.ಕಾನ್ಫ್‌ನಲ್ಲಿ ರಿಮೂವ್‌ಐಪಿಸಿ=ನೋ ಮಾಡಿ, ಸಿಸ್ಟಮ್‌ಡಿ-ಲಾಗಿನ್‌ಡಿ ರೀಸ್ಟಾರ್ಟ್ ಮಾಡಿ, ಆಮೇಲೆ ಪೋಸ್ಟ್‌ಗ್ರೆಸ್ಸನ್ನೂ.

ಕಂಟೇನರ್ ಮತ್ತು /ಡೆವ್/ಎಸ್‌ಎಚ್‌ಎಂ

ಈಗ ಹೆಚ್ಚು ಕಾಣಸಿಗುವ ದೋಷ ಇದೇ: ‘ಕುಡ್ ನಾಟ್ ರೀಸೈಜ್ ಶೇರ್ಡ್ ಮೆಮೊರಿ ಸೆಗ್ಮೆಂಟ್… ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’. ಡಾಕರ್ ಪ್ರತಿ ಕಂಟೇನರ್‌ಗೆ ಕೊಡುವ /ಡೆವ್/ಎಸ್‌ಎಚ್‌ಎಂ ಬರೀ 64 ಎಂಬಿ. ಯಂತ್ರದಲ್ಲಿ 128 ಜಿಬಿ ರ‍್ಯಾಮ್ ಇದ್ದರೂ ಅಷ್ಟೆ.

ಪತ್ತೆ ಮಾಡುವಾಗ ಒಂದು ಮೋಸವಿದೆ. ದೋಷ ಬಂದಮೇಲೆ ಡಿಎಫ್ ಓಡಿಸಿದರೆ ಜಾಗ ಖಾಲಿಯೇ ಕಾಣುತ್ತದೆ. ಕ್ವೆರಿ ಸೋತ ಕೂಡಲೇ ಸೆಗ್ಮೆಂಟ್ ಬಿಡುಗಡೆಯಾಗಿರುತ್ತದೆ. ಆದ್ದರಿಂದ ಕಂಟೇನರ್ ಒಳಗೆ ವಾಚ್ -ಎನ್ 1 ಜೊತೆ ಡಿಎಫ್ ಓಡಿಸಿಟ್ಟು, ಇನ್ನೊಂದು ಕಿಟಕಿಯಿಂದ ಆ ಕ್ವೆರಿಯನ್ನು ಮತ್ತೆ ಓಡಿಸಿ. ಏರುವುದು ಕಣ್ಣಿಗೆ ಕಾಣುತ್ತದೆ.

ಎಷ್ಟು ಬೇಕೆಂದು ಊಹಿಸಬೇಕಾಗಿಲ್ಲ. ಕ್ವೆರಿಯ ಪ್ಲಾನ್ ತೋರಿಸುವ ಎಕ್ಸ್‌ಪ್ಲೇನ್‌ನಲ್ಲಿ ‘ಪ್ಯಾರಲಲ್ ಹ್ಯಾಶ್’ ಎಂದಿದ್ದರೆ ಆ ಹ್ಯಾಶ್ ಟೇಬಲ್ ಡೈನಮಿಕ್ ಶೇರ್ಡ್ ಮೆಮೊರಿಯಲ್ಲಿರುತ್ತದೆ. ಬರೀ ‘ಹ್ಯಾಶ್’ ಆದರೆ ಪ್ರತಿ ವರ್ಕರ್‌ನ ಖಾಸಗಿ ಮೆಮೊರಿ. ಪ್ಯಾರಲಲ್ ಹ್ಯಾಶ್ ಬಂದದ್ದು 11ರಲ್ಲಿ, ‘10ರಿಂದ ಅಪ್‌ಗ್ರೇಡ್ ಮಾಡಿದಮೇಲೆ ಶುರುವಾಯಿತು’ ಎಂಬ ದೂರಿಗೆ ಇದೇ ಮೂಲ. ಒಂದು ಪ್ಯಾರಲಲ್ ಹ್ಯಾಶ್‌ನ ಗರಿಷ್ಠ ಮಿತಿ: ವರ್ಕ್_ಮೆಮ್ ಗುಣಿಸು ಹ್ಯಾಶ್_ಮೆಮ್_ಮಲ್ಟಿಪ್ಲೈಯರ್ ಗುಣಿಸು (ವರ್ಕರ್ + 1). 15ರಿಂದ ಮಲ್ಟಿಪ್ಲೈಯರ್‌ನ ಮೂಲ ಮೌಲ್ಯ 2. ವರ್ಕ್_ಮೆಮ್ ಮೂಲದ 4 ಎಂಬಿ, ವರ್ಕರ್ 2 ಆದರೆ 24 ಎಂಬಿ. ಇಂಥ ಮೂರು ಕ್ವೆರಿ ಒಟ್ಟಿಗೆ ಬಂದರೆ 72, ಡಾಕರ್‌ನ 64 ದಾಟಿತು. ವರ್ಕ್_ಮೆಮ್ 64 ಎಂಬಿಗೆ ಏರಿಸಿದ್ದರೆ ಒಂದೇ ಕ್ವೆರಿ 384 ಎಂಬಿ ಕೇಳಬಹುದು. ಒಂದೇ ಪ್ಲಾನ್‌ನಲ್ಲಿ ಎರಡು ಮೂರು ಪ್ಯಾರಲಲ್ ಹ್ಯಾಶ್ ಇದ್ದರೆ ಅಷ್ಟಷ್ಟು ಹೆಚ್ಚು.

ಸರಿಪಡಿಸುವುದು ಹೀಗೆ. ಡಾಕರ್ ರನ್‌ಗೆ --ಎಸ್‌ಎಚ್‌ಎಂ-ಸೈಜ್=1ಜಿ ಕೊಡಿ; ಕಂಪೋಸ್ ಫೈಲ್‌ನಲ್ಲಾದರೆ ಸರ್ವಿಸ್‌ನ ಅಡಿಯಲ್ಲಿ ಎಸ್‌ಎಚ್‌ಎಂ_ಸೈಜ್: 1ಜಿಬಿ. ಬಿಲ್ಡ್ ಅಡಿಯಲ್ಲಿ ಬರೆದರೆ ಅದು ಇಮೇಜ್ ಕಟ್ಟುವಾಗ ಮಾತ್ರ ಅನ್ವಯ, ಓಡುವಾಗ ಏನೂ ಆಗುವುದಿಲ್ಲ. ರೀಸ್ಟಾರ್ಟ್ ಸಾಲದು, ಕಂಟೇನರನ್ನು ಹೊಸದಾಗಿ ಸೃಷ್ಟಿಸಬೇಕು. ಅದಕ್ಕೂ ಮುಂಚೆ ಡೇಟಾ ವಾಲ್ಯೂಮ್‌ನಲ್ಲಿದೆಯೇ ಎಂದು ಎರಡು ಸಲ ನೋಡಿ. ಆಮೇಲೆ ಡಾಕರ್ ಇನ್‌ಸ್ಪೆಕ್ಟ್‌ನಲ್ಲಿ ‘ಎಸ್‌ಎಚ್‌ಎಂಸೈಜ್’ ಪರೀಕ್ಷಿಸಿ. 67108864 ಎಂದೇ ಇದ್ದರೆ ಬದಲಾವಣೆ ಹತ್ತಿಲ್ಲ.

ಕುಬರ್ನೆಟಿಸ್‌ನಲ್ಲಿ ಎಂಪ್ಟಿಡಿರ್ ವಾಲ್ಯೂಮ್ ಮಾಡಿ, ಮೀಡಿಯಂ: ಮೆಮೊರಿ, ಸೈಜ್‌ಲಿಮಿಟ್: 1ಜಿಐ ಎಂದು ಕೊಟ್ಟು /ಡೆವ್/ಎಸ್‌ಎಚ್‌ಎಂಗೆ ಮೌಂಟ್ ಮಾಡಿ. ಅಲ್ಲಿ ಬಳಸಿದ ಪ್ರತಿ ಬೈಟ್ ಕಂಟೇನರ್‌ನ ಮೆಮೊರಿ ಲಿಮಿಟ್‌ಗೇ ಸೇರುತ್ತದೆ. ಲಿಮಿಟ್ ಏರಿಸದೆ ವಾಲ್ಯೂಮ್ ಮಾತ್ರ ಹಿಗ್ಗಿಸಿದರೆ ದೋಷದ ಬದಲು ಊಮ್ ಕಿಲ್ ಸಿಗುತ್ತದೆ. ಕಂಟೇನರ್ ಇಲ್ಲದ ಯಂತ್ರದಲ್ಲಿ /ಡೆವ್/ಎಸ್‌ಎಚ್‌ಎಂ ಸಾಮಾನ್ಯವಾಗಿ ರ‍್ಯಾಮ್‌ನ ಅರ್ಧ ಇರುತ್ತದೆ; ಕಡಿಮೆಯಿದ್ದರೆ ಮೌಂಟ್ -ಓ ರೀಮೌಂಟ್,ಸೈಜ್=8ಜಿ /ಡೆವ್/ಎಸ್‌ಎಚ್‌ಎಂ ಎನ್ನಿ, ಶಾಶ್ವತವಾಗಲು ಎಫ್‌ಎಸ್‌ಟ್ಯಾಬ್‌ನಲ್ಲೂ ಬರೆಯಿರಿ.

ಕಂಟೇನರ್ ಮುಟ್ಟಲು ಅನುಮತಿ ಸಿಗುವ ತನಕ ತಾತ್ಕಾಲಿಕವಾಗಿ ಆ ಸೆಷನ್‌ಗೆ ಎನೇಬಲ್_ಪ್ಯಾರಲಲ್_ಹ್ಯಾಶ್ ಆಫ್ ಮಾಡಿ. ಅದೂ ಸಾಲದಿದ್ದರೆ ಮ್ಯಾಕ್ಸ್_ಪ್ಯಾರಲಲ್_ವರ್ಕರ್ಸ್_ಪರ್_ಗ್ಯಾದರ್ ಸೊನ್ನೆ. ವ್ಯಾಕ್ಯೂಮ್ ಮಾಡುವಾಗ ದೋಷ ಬಂದರೆ ವ್ಯಾಕ್ಯೂಮ್ (ಪ್ಯಾರಲಲ್ 0) ಎಂದು ಓಡಿಸಿ: ಪ್ಯಾರಲಲ್ ವ್ಯಾಕ್ಯೂಮ್ ಸತ್ತ ಸಾಲುಗಳ ಪಟ್ಟಿಯನ್ನು ಇದೇ ಜಾಗದಲ್ಲಿಡುತ್ತದೆ, ಅದರ ಮಿತಿ ಮೇಂಟೆನೆನ್ಸ್_ವರ್ಕ್_ಮೆಮ್. ವೆಕ್ಟರ್ ಹುಡುಕಾಟದ ಎಕ್ಸ್‌ಟೆನ್ಷನ್ ಆದ ಪಿಜಿವೆಕ್ಟರ್‌ನ ಎಚ್‌ಎನ್‌ಎಸ್‌ಡಬ್ಲ್ಯು ಇಂಡೆಕ್ಸನ್ನು ಪ್ಯಾರಲಲ್ ಆಗಿ ಕಟ್ಟುವವರೂ ಎಸ್‌ಎಚ್‌ಎಂ ಗಾತ್ರವನ್ನು ಕನಿಷ್ಠ ಮೇಂಟೆನೆನ್ಸ್_ವರ್ಕ್_ಮೆಮ್‌ನಷ್ಟು ಇಡಬೇಕು. ಡೈನಮಿಕ್_ಶೇರ್ಡ್_ಮೆಮೊರಿ_ಟೈಪ್ ಅನ್ನು ಎಂಮ್ಯಾಪ್ ಮಾಡಿ ಪಾರಾಗಿ ಎಂಬ ಸಲಹೆ ಬೇಡ. ಆಗ ಸೆಗ್ಮೆಂಟ್‌ಗಳು ಡೇಟಾ ಡೈರೆಕ್ಟರಿಯ ಫೈಲ್‌ಗಳಾಗಿ ಡಿಸ್ಕ್‌ಗೆ ಹೊರೆಯಾಗುತ್ತವೆ.

ಲಾಕ್ ಟೇಬಲ್ ತುಂಬಿದಾಗ

‘ಔಟ್ ಆಫ್ ಶೇರ್ಡ್ ಮೆಮೊರಿ’, ಹಿಂಟ್‌ನಲ್ಲಿ ಮ್ಯಾಕ್ಸ್_ಲಾಕ್ಸ್_ಪರ್_ಟ್ರಾನ್ಸಾಕ್ಷನ್. ರ‍್ಯಾಮ್ ಎಷ್ಟೇ ಇರಲಿ, ಶೇರ್ಡ್_ಬಫರ್ಸ್ ಎಷ್ಟೇ ಇರಲಿ, ಇದಕ್ಕೆ ಲೆಕ್ಕವಿಲ್ಲ. ಲಾಕ್ ಟೇಬಲ್‌ನಲ್ಲಿ ಎಷ್ಟು ವಸ್ತುಗಳಿಗೆ ಜಾಗವಿದೆ ಎಂಬುದು ಈ ಗುಣಾಕಾರ: ಮ್ಯಾಕ್ಸ್_ಲಾಕ್ಸ್_ಪರ್_ಟ್ರಾನ್ಸಾಕ್ಷನ್ × (ಮ್ಯಾಕ್ಸ್_ಕನೆಕ್ಷನ್ಸ್ + ಮ್ಯಾಕ್ಸ್_ಪ್ರಿಪೇರ್ಡ್_ಟ್ರಾನ್ಸಾಕ್ಷನ್ಸ್). 64 ಮತ್ತು 100 ಇದ್ದಲ್ಲಿ ಸುಮಾರು 6,400. ಹೆಸರಿನಲ್ಲಿ ‘ಪರ್ ಟ್ರಾನ್ಸಾಕ್ಷನ್’ ಎಂದಿದ್ದರೂ ಅದು ಸರಾಸರಿಯ ಲೆಕ್ಕವೇ ಹೊರತು ಒಂದು ಟ್ರಾನ್ಸಾಕ್ಷನ್‌ಗೆ ಹಾಕಿದ ಗೆರೆಯಲ್ಲ. ಒಬ್ಬನೇ ಎಲ್ಲವನ್ನೂ ತಿನ್ನಬಹುದು, ಆಗ ದೋಷ ಬರುವುದು ಪಾಪದ ಇನ್ನೊಬ್ಬನಿಗೆ.

ತಿನ್ನುವವರು ಯಾರು? ಮೊದಲು ಪಾರ್ಟಿಷನ್‌ಗಳು, ಅಂದರೆ ಒಂದು ದೊಡ್ಡ ಟೇಬಲನ್ನು ಒಡೆದ ತುಂಡುಗಳು. ದಿನಕ್ಕೊಂದರಂತೆ ಮೂರು ವರ್ಷದ 1,095 ಪಾರ್ಟಿಷನ್, ಪ್ರತಿಯೊಂದಕ್ಕೂ 4 ಇಂಡೆಕ್ಸ್ ಎಂದುಕೊಳ್ಳಿ. ಪಾರ್ಟಿಷನ್ ಕೀ ಇಲ್ಲದ ಒಂದು ಸೆಲೆಕ್ಟ್ 5,475 ವಸ್ತುಗಳ ಮೇಲೆ ಲಾಕ್ ಹಿಡಿಯುತ್ತದೆ. ಅಂಥದೇ ಇನ್ನೊಂದು ಟೇಬಲ್ ಜೊತೆ ಜಾಯಿನ್ ಮಾಡಿದರೆ 10,950. ಕೀ ಮೇಲೆ ಷರತ್ತಿದ್ದರೆ 12ರಿಂದೀಚೆಗೆ ಬೇಕಾದ ಪಾರ್ಟಿಷನ್‌ಗಳಿಗೆ ಮಾತ್ರ ಲಾಕ್ ಬೀಳುತ್ತದೆ, ಆದರೆ ಷರತ್ತಿನ ಮೌಲ್ಯ ಪ್ಲಾನ್ ಮಾಡುವಾಗಲೇ ಗೊತ್ತಿರಬೇಕು. ‘ನೌ() ಮೈನಸ್ 7 ದಿನ’ ಎಂದು ಬರೆದರೆ ಪ್ಲಾನರ್‌ಗೆ ಅದು ಗೊತ್ತಿರುವುದಿಲ್ಲ. ಎಲ್ಲ ಪಾರ್ಟಿಷನ್‌ಗಳನ್ನೂ ಲಾಕ್ ಮಾಡಿ, ಓಡಿಸುವಾಗ ಬೇಡದ್ದನ್ನು ಬಿಡುತ್ತದೆ. ದಿನಾಂಕವನ್ನು ಅಪ್ಲಿಕೇಷನ್‌ನಲ್ಲೇ ಲೆಕ್ಕ ಹಾಕಿ ನೇರ ಮೌಲ್ಯವಾಗಿ ಕಳಿಸಿದರೆ ಸಾವಿರಾರು ಲಾಕ್ ಉಳಿತಾಯವಾಗುತ್ತವೆ. ಸೆಟ್ಟಿಂಗ್ ಮುಟ್ಟುವ ಮುಂಚೆ ಮಾಡಬೇಕಾದ ಕೆಲಸ ಇದು.

ಆಮೇಲೆ ಪಿಜಿ_ಡಂಪ್: ಡಂಪ್ ಮಾಡುವ ಪ್ರತಿ ಟೇಬಲ್ ಮೇಲೂ ಕೊನೆಯತನಕ ಲಾಕ್ ಹಿಡಿದಿರುತ್ತದೆ. ಗ್ರಾಹಕರಿಗೊಂದು ಸ್ಕೀಮಾ ಇಟ್ಟುಕೊಂಡವರಿಗೆ ಇಲ್ಲೇ ತೊಡಕು. -ಎನ್ ಕೊಟ್ಟು ಸ್ಕೀಮಾವಾರು ತೆಗೆಯಿರಿ. ದೊಡ್ಡ ಸ್ಕೀಮಾಗೆ ಡ್ರಾಪ್ ಕ್ಯಾಸ್ಕೇಡ್ ಕೊಡುವ ಬದಲು ಟೇಬಲ್‌ಗಳನ್ನು ಕೆಲವು ನೂರರಂತೆ, ಬೇರೆ ಬೇರೆ ಟ್ರಾನ್ಸಾಕ್ಷನ್‌ನಲ್ಲಿ ಅಳಿಸಿ. ಪಿಜಿ_ರಿಸ್ಟೋರ್‌ಗೆ --ಸಿಂಗಲ್-ಟ್ರಾನ್ಸಾಕ್ಷನ್ ಕೊಟ್ಟು ಸೋತರೆ, 17ರಲ್ಲಿ ಬಂದ --ಟ್ರಾನ್ಸಾಕ್ಷನ್-ಸೈಜ್ ಬಳಸಿ.

ಯಾರು ಎಷ್ಟು ಹಿಡಿದಿದ್ದಾರೆಂದು ಪಿಜಿ_ಲಾಕ್ಸ್ ಹೇಳುತ್ತದೆ:

ಸೆಲೆಕ್ಟ್ ಪಿಐಡಿ, ಕೌಂಟ್(*) ಫ್ರಂ ಪಿಜಿ_ಲಾಕ್ಸ್ ವೇರ್ ನಾಟ್ ಫಾಸ್ಟ್‌ಪಾತ್ ಗ್ರೂಪ್ ಬೈ ಪಿಐಡಿ ಆರ್ಡರ್ ಬೈ 2 ಡೆಸ್ಕ್;

ಫಾಸ್ಟ್‌ಪಾತ್ ಲಾಕ್‌ಗಳು ಹಂಚಿಕೊಂಡ ಟೇಬಲ್‌ನಲ್ಲಿ ಜಾಗ ತಿನ್ನುವುದಿಲ್ಲ, ಆದ್ದರಿಂದ ಅವನ್ನು ಬಿಟ್ಟು ಎಣಿಸಬೇಕು.

ಕ್ವೆರಿ ತಿದ್ದಿದಮೇಲೂ ಸಾಲದಿದ್ದರೆ ಆಲ್ಟರ್ ಸಿಸ್ಟಮ್ ಸೆಟ್ ಮ್ಯಾಕ್ಸ್_ಲಾಕ್ಸ್_ಪರ್_ಟ್ರಾನ್ಸಾಕ್ಷನ್ = 256 ಮಾಡಿ ರೀಸ್ಟಾರ್ಟ್ ಕೊಡಿ. 100 ಕನೆಕ್ಷನ್‌ಗೆ ಇದರಿಂದ ಹೆಚ್ಚುವ ಮೆಮೊರಿ ಕೆಲವೇ ಎಂಬಿ, ಜಿಪುಣತನ ಬೇಡ. ಇದೇ ಗುಣಾಕಾರ ನೋಡಿ ಮ್ಯಾಕ್ಸ್_ಕನೆಕ್ಷನ್ಸ್ ಏರಿಸುವವರಿದ್ದಾರೆ. ಲಾಕ್ ಜಾಗ ಹೆಚ್ಚುತ್ತದೆ ನಿಜ, ಜೊತೆಗೆ ಬೇಡದ ನೂರು ಕನೆಕ್ಷನ್‌ಗಳ ವರ್ಕ್_ಮೆಮ್ ತಲೆನೋವೂ ಬರುತ್ತದೆ. ಹಿಂಟ್‌ನಲ್ಲಿ ಮ್ಯಾಕ್ಸ್_ಪ್ರೆಡ್_ಲಾಕ್ಸ್_ಪರ್_ಟ್ರಾನ್ಸಾಕ್ಷನ್ ಎಂದಿದ್ದರೆ ಅದು ಸೀರಿಯಲೈಸಬಲ್ ಟ್ರಾನ್ಸಾಕ್ಷನ್‌ಗಳ ಬೇರೆ ಟೇಬಲ್; ಏರಿಸಬೇಕಾದ್ದು ಆ ಸೆಟ್ಟಿಂಗ್.

ಸ್ಟ್ಯಾಂಡ್‌ಬೈ (ಮುಖ್ಯ ಸರ್ವರ್ ಆದ ಪ್ರೈಮರಿಯ ನಕಲು ಸರ್ವರ್) ಇದ್ದರೆ ಕ್ರಮ ಮುಖ್ಯ. ಹಾಟ್ ಸ್ಟ್ಯಾಂಡ್‌ಬೈನಲ್ಲಿ ಈ ಮೌಲ್ಯ ಪ್ರೈಮರಿಯಲ್ಲಿ ಇರುವುದಕ್ಕಿಂತ ಕಡಿಮೆ ಇರಕೂಡದು. ಏರಿಸುವಾಗ ಎಲ್ಲ ಸ್ಟ್ಯಾಂಡ್‌ಬೈಗಳಲ್ಲಿ ಮೊದಲು ಏರಿಸಿ ರೀಸ್ಟಾರ್ಟ್ ಮಾಡಿ, ಪ್ರೈಮರಿ ಕೊನೆಗೆ. ಇಳಿಸುವಾಗ ಪ್ರೈಮರಿ ಮೊದಲು, ಆ ಬದಲಾವಣೆ ಸ್ಟ್ಯಾಂಡ್‌ಬೈಗಳಿಗೆ ತಲುಪಿದಮೇಲೆ ಅವು. ತಿರುವುಮುರುವಾದರೆ 13ರವರೆಗಿನ ಸ್ಟ್ಯಾಂಡ್‌ಬೈ ನಿಂತೇಹೋಗುತ್ತದೆ. 14ರಿಂದ ಲಾಗ್‌ನಲ್ಲಿ ಎಚ್ಚರಿಕೆ ಬರೆದು ರೀಪ್ಲೇ (ಪ್ರೈಮರಿಯ ಬದಲಾವಣೆಗಳನ್ನು ತನ್ನಲ್ಲೂ ಮಾಡಿಕೊಳ್ಳುವುದು) ಮಾತ್ರ ನಿಲ್ಲಿಸುತ್ತದೆ. ಓದುವ ಕ್ವೆರಿಗಳಿಗೆ ಉತ್ತರ ಸಿಗುತ್ತಲೇ ಇರುವುದರಿಂದ ಹಳೆಯ ಡೇಟಾ ಬರುತ್ತಿದೆ ಎಂದು ಗಂಟೆಗಟ್ಟಲೆ ಯಾರಿಗೂ ಗೊತ್ತಾಗದಿರಬಹುದು. ಬದಲಾವಣೆ ಮುಗಿದಮೇಲೆ ಸ್ಟ್ಯಾಂಡ್‌ಬೈನಲ್ಲಿ ಪಿಜಿ_ಈಸ್_ವಾಲ್_ರೀಪ್ಲೇ_ಪಾಜ್ಡ್() ಕೇಳಿ ನೋಡಿ. ‘ಟಿ’ ಎಂದು ಬಂದರೆ ಮೌಲ್ಯ ಸರಿಪಡಿಸಿ ಆ ಸ್ಟ್ಯಾಂಡ್‌ಬೈಯನ್ನು ರೀಸ್ಟಾರ್ಟ್ ಮಾಡಬೇಕು.